ಬ್ರಷ್ ಕಟರ್‌ಗೆ ಕ್ಲಚ್ ವಾಯರೋ, ನೆನೆಸಿದ ನೈಲಾನ್ ದಾರವೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ನೆನೆಸಿದ ದಾರಕ್ಕೆ. ಧಾರವಾಡದ ಸಪ್ತಾಪುರದಲ್ಲಿರುವ ನಮ್ಮ ಹಿತ್ತಲು ಮಳೆ ಬಿತ್ತೆಂದರೆ ಕರಕಿ, ಕಾಂಗ್ರೆಸ್ ಕಸದಿಂದ ತುಂಬಿಹೋಗುತ್ತದೆ. ಅದಕ್ಕೆಂದೇ ತಂದ, ತಿರುಗುವ ದಾರದಿಂದ ಕಸ ಕೊಯ್ಯುವ ಪೆಟ್ರೋಲ್ ಬ್ರಷ್ ಕಟರ್‌ನ 2.4 ಮಿ.ಮೀ. ನೈಲಾನ್ ದಾರ ಕಂಪೌಂಡಿನ ಕಲ್ಲಿಗೆ ತಾಗಿದ ಕೂಡಲೇ ಪಟಪಟ ಹರಿಯುತ್ತಿತ್ತು.

ಗ್ಯಾರೇಜಿನವರೊಬ್ಬರು ಬೈಕಿನ ಹಳೇ ಕ್ಲಚ್ ವಾಯರ್ ಕೊಟ್ಟರು. "ಇದನ್ನ ಹಾಕ್ರಿ ಸರ, ಹರಿಯೂದ ಇಲ್ಲ." ಎರಡು ದಿನ ಬಾಳೆದಿಂಡು ಕೊಯ್ದಂತೆ ಕಸ ಕೊಯ್ದಿತು. ಮೂರನೇ ದಿನ ಠಣ್ ಎಂದಿತು. ಮಷಿನ್ ನಿಲ್ಲಿಸಿ ನೋಡಿದರೆ, ಎರಡಿಂಚಿನ ತಂತಿ ತುಂಡು ಬೇವಿನ ಮರದಲ್ಲಿ ನೆಟ್ಟಿತ್ತು. ಪಕ್ಕಡ್ ಹಿಡಿದು ಎಳೆಯಬೇಕಾಯಿತು. ಐದು ನಿಮಿಷದ ಹಿಂದೆ ಮಗಳು ಅದೇ ಮರದ ಕೆಳಗೆ ಬಟ್ಟೆ ಒಣಹಾಕುತ್ತಿದ್ದಳು.

ಆ ವಾಯರ್ ಎಂದರೆ ಸಣ್ಣ ಸಣ್ಣ ಉಕ್ಕಿನ ಎಳೆಗಳ ಹುರಿ. ಕಲ್ಲಿಗೆ ಬಡಿದಾಗೆಲ್ಲ ಒಂದೊಂದೇ ಎಳೆ ಮುರಿದು ತುದಿ ಕಸಬರಿಗೆಯಂತೆ ಬಿಚ್ಚಿಕೊಳ್ಳುತ್ತದೆ, ಆಮೇಲೆ ಯಾವಾಗ ಕಿತ್ತು ಹಾರುತ್ತದೋ ತಿಳಿಯುವುದಿಲ್ಲ. ದಾರ ಸಿಕ್ಕಿಸುವ ಮಷಿನ್ನಿನ ತಲೆ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತಿರುತ್ತದೆ, ನೈಲಾನ್ ದಾರ ತಡೆಯಲು ಮಾಡಿದ ಪ್ಲಾಸ್ಟಿಕ್ ಗಾರ್ಡ್ ಉಕ್ಕನ್ನು ತಡೆಯುತ್ತದೆಂದು ನಂಬಲಾಗದು. ಲೋಹದ ತುಂಡುಗಳನ್ನು ಕೊಂಡಿಯಂತೆ ಜೋಡಿಸಿ ಬ್ರಷ್ ಕಟರ್‌ಗೆ ಹಾಕುವ ಕೊಯ್ಯುವ ಬಿಡಿಭಾಗಗಳ ಮಾರಾಟವನ್ನು ಐರೋಪ್ಯ ಒಕ್ಕೂಟ 2012ರಲ್ಲೇ ನಿಷೇಧಿಸಿದೆ. ನನಗೆ ಗೊತ್ತಾದದ್ದು ಆಮೇಲೆ.

ಇನ್ನು ನೈಲಾನ್. ಅದು ನೀರು ಹೀರುತ್ತದೆ, ಬೇಸಿಗೆಯಲ್ಲಿ ಒಣಗಿ ಪೆಡಸಾಗುತ್ತದೆ. ಸುರುಳಿಯನ್ನು ಒಂದು ಹಗಲು ಒಂದು ರಾತ್ರಿ ಬಕೆಟ್ ನೀರಿನಲ್ಲಿ ಮುಳುಗಿಸಿ, ಒರೆಸಿ ಸುತ್ತಿದರೆ ಬಾಗುತ್ತದೆ, ಬೇಗ ಹರಿಯುವುದಿಲ್ಲ. ಮೊದಲು ಮೂರು ಸಲ ದಾರ ಸುತ್ತಿಸಿಕೊಳ್ಳುತ್ತಿದ್ದ ಹಿತ್ತಲು ಈಗ ಒಂದೇ ಸಲಕ್ಕೆ ಮುಗಿಯುತ್ತದೆ. ಖರ್ಚು ಒಂದು ಬಕೆಟ್ ನೀರು.

ಗಾರ್ಡ್ ಬಿಚ್ಚಿ ದಾರ ಉದ್ದ ಬಿಡುವುದನ್ನೂ ನೋಡಿದೆ: ಎಂಜಿನ್ ಏದುತ್ತದೆ, ಮಷಿನ್ನಿನ ಕ್ಲಚ್ ಬಿಸಿಯಾಗುತ್ತದೆ. ಬೇಡ.

ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ವೆಲ್ಡಿಂಗ್ ಮಾಡಿಸಿ ಮಷಿನ್ನಿಗೆ ಮಕ್ಕಳ ಸೈಕಲ್ಲಿನ ಎರಡು ಗಾಲಿ ಹಾಕಿಸಿದ್ದು ಮಾತ್ರ ಹೆಗಲಿಗೆ ಹಿತ. ಆದರೆ ನವಲಗುಂದ ಕಡೆ ಅಣ್ಣನ ಹೊಲದ ಬದುವಿಗೆ ಒಯ್ದರೆ, ಹಸಿ ಎರಿ ಮಣ್ಣು ಮೆತ್ತಿ ಗಾಲಿ ತಿರುಗಲೇ ಇಲ್ಲ.

ವಾಯರ್ ಗೆದ್ದದ್ದು ದಪ್ಪ ದಂಟಿನ ಕಾಂಗ್ರೆಸ್ ಕಸದಲ್ಲಿ ಮಾತ್ರ. ಅದನ್ನೂ ಕೊಚ್ಚಿದರೆ ಮತ್ತೆ ಚಿಗುರುತ್ತದೆ; ಹೂ ಬಿಡುವ ಮುನ್ನ ಕೈಗವಸು ಹಾಕಿಕೊಂಡು ಬೇರುಸಹಿತ ಕೀಳುತ್ತೇನೆ. ತಿಂಗಳಿಗೆ ಎರಡು ಭಾನುವಾರ ಕೊಯ್ಯುವ ನನಗೆ ಮಳೆಗಾಲಕ್ಕೆಲ್ಲ ಒಂದು ಸುರುಳಿ ದಾರ ಸಾಕು.