ಕ್ಲೇ ಪೋಕರ್ ಚಿಪ್‌ಗೆ ಯಾವ ಅಚ್ಚು? ಗ್ರೀಕ್ ಕೀ, ಕಿರೀಟ, ಡೈಮಂಡ್-ಸ್ಕ್ವೇರ್, ಇಲ್ಲಾ ಸುಮ್ನೆ ಬೋಳು?

ಪೋಕರ್ ಆಟದಲ್ಲಿ ದುಡ್ಡಿನ ಬದಲು ಪಣಕ್ಕಿಡುವ ಬಿಲ್ಲೆಯೇ ಚಿಪ್. ಸ್ವಂತಕ್ಕೆ ಕ್ಲೇ ಚಿಪ್ ಮಾಡಿಸೋಣ ಅಂತ ಹೊರಟವರೆಲ್ಲ ಮೊದಲು ತಲೆ ಕೆಡಿಸಿಕೊಳ್ಳುವುದು ಬಣ್ಣಕ್ಕೆ. ಆಮೇಲೆ ನಡುವಿನ ಲೇಬಲ್‌ಗೆ. ಅಚ್ಚು ಕೊನೆಗೆ, ಅದೂ ಫೋಟೋ ನೋಡಿ. ಇದು ಉಲ್ಟಾ ಆಗಬೇಕು ಅನ್ನುವುದು ನನ್ನ ಅಭಿಪ್ರಾಯ. ಕೈಗೆ ಸಿಗುವುದು ಅಚ್ಚೇ, ಲೇಬಲ್‌ಗೆ ಎಷ್ಟು ಜಾಗ ಉಳಿಯುತ್ತದೆ ಅನ್ನುವುದನ್ನು ತೀರ್ಮಾನಿಸುವುದೂ ಅಚ್ಚೇ.

ಕ್ಲೇ ಅಂದರೆ ಕುಂಬಾರರ ಮಣ್ಣಲ್ಲ, ಭಟ್ಟಿಯಲ್ಲಿ ಸುಡುವುದೂ ಇಲ್ಲ. ಹಲವು ಪದಾರ್ಥಗಳ ಮಿಶ್ರಣವನ್ನು ಬಿಸಿ ಮಾಡಿ, ಅಚ್ಚಿನೊಳಗೆ ಭಾರೀ ಒತ್ತಡದಲ್ಲಿ ಒತ್ತುತ್ತಾರೆ. ಅಂಚಿನ ಬಣ್ಣದ ಪಟ್ಟಿಗಳು ಮೇಲೆ ಬಳಿದದ್ದಲ್ಲ, ಬೇರೆ ಬಣ್ಣದ ತುಂಡುಗಳನ್ನೇ ಕತ್ತರಿಸಿ ಕೂರಿಸಿರುತ್ತಾರೆ. ಅಚ್ಚಿನಲ್ಲಿರುವ ಚಿತ್ತಾರ ಚಿಪ್‌ನ ಎರಡೂ ಮುಖದಲ್ಲಿ, ಲೇಬಲ್ ಸುತ್ತ ಬಳೆಯಂತೆ ಮೂಡುತ್ತದೆ.

ಎಲ್ಲಿ ಮಾಡಿಸುವುದು ಅಂತ ಕೇಳಿದರೆ ಅಮೆರಿಕದಲ್ಲೂ ದಾರಿ ಕಮ್ಮಿ. ಪಾಲ್ಸನ್ ಚಿಪ್‌ನ ಟೋಪಿ-ಕೋಲಿನ ಅಚ್ಚು ಎಲ್ಲರಿಗೂ ಇಷ್ಟ, ಆದರೆ ಆ ಕಂಪನಿ ಈಗ ಮಾಡಿಕೊಡುವುದು ಕ್ಯಾಸಿನೋಗಳಿಗೆ ಮಾತ್ರ. ಮುಚ್ಚಿಹೋದ ಕ್ಯಾಸಿನೋಗಳ ಹಳೇ ಚಿಪ್ ಕೊಂಡು, ಲೇಬಲ್ ಕೆತ್ತಿ ತೆಗೆದು ಹೊಸದು ಅಂಟಿಸುವವರಿದ್ದಾರೆ. ಒಳ್ಳೇ ಉಪಾಯವೇ, ಆದರೆ ಬಣ್ಣ ಮಾತ್ರ ಆ ಕ್ಯಾಸಿನೋ ಆರಿಸಿದ್ದು, ನಾವಲ್ಲ. ಮನೆ ಆಟದವರಿಗೆ ಹೊಸದಾಗಿ ಒತ್ತಿಕೊಡುವುದಕ್ಕೆ ಮೇನ್ ರಾಜ್ಯದ ಕ್ಲಾಸಿಕ್ ಪೋಕರ್ ಚಿಪ್ಸ್ ಇದೆ. ಒಂದಷ್ಟು ಮಾದರಿ ಚಿಪ್, ಗೆಳೆಯರ ಹತ್ತಿರ ಮಿಕ್ಕಿದ್ದ ಒಂದಷ್ಟು ಬಿಡಿ ಚಿಪ್ ಸೇರಿಸಿಕೊಂಡು ನಾವು ಆಡಿಯೇ ನೋಡಿದೆವು.

ಗ್ರೀಕ್ ಕೀ ಫೋಟೋದಲ್ಲಿ ಎಲ್ಲಕ್ಕಿಂತ ಚೆಂದ. ಒಂದೇ ಗೆರೆ ಮಡಚಿ ಮಡಚಿ ಸುತ್ತ ಹೋಗುತ್ತದೆ, ಸೀರೆ ಅಂಚಿನ ಥರ. ಒಂದೇ ಬಣ್ಣದ ಚಿಪ್, ಅಥವಾ ಅಂಚಿನಲ್ಲಿ ಮೂರು ನಾಲ್ಕು ಪಟ್ಟಿ ಇರುವ ಚಿಪ್ ಆದರೆ ಇದನ್ನು ಮೀರಿಸುವಂಥದ್ದು ಇನ್ನೊಂದಿಲ್ಲ. ಪಟ್ಟಿ ಎಂಟಕ್ಕೆ ಹೋಯಿತೋ, ಗೆರೆ ಎರಡು ಹೆಜ್ಜೆಗೊಮ್ಮೆ ಬಣ್ಣ ಬದಲಿಸಿ ಚಿತ್ತಾರ ಕಣ್ಣಿಗೆ ಸಿಗುವುದೇ ಇಲ್ಲ, ಬರೀ ಗಿಜಿಗಿಜಿ. ಇನ್ನೊಂದು, ನಮ್ಮ ಟೇಬಲ್ ಮೇಲೆ ಖಾರ ಮಂಡಕ್ಕಿ ಇಲ್ಲದೆ ಆಟ ನಡೆಯುವುದಿಲ್ಲ. ಆ ಅರಿಶಿನದ ಎಣ್ಣೆ ಬಿಳಿ ಚಿಪ್‌ನ ಮೂಲೆಮೂಲೆಯಲ್ಲಿ ಹಳದಿಯಾಗಿ ಕೂತುಬಿಡುತ್ತದೆ. ಉಗುರುಬೆಚ್ಚಗಿನ ನೀರು, ಸೋಪು, ಹಳೇ ಟೂತ್‌ಬ್ರಷ್ ಹಿಡಿದು ಒಂದೊಂದೇ ತಿಕ್ಕಬೇಕು, ಆಗಲೂ ಪೂರ್ತಿ ಹೋಗುವುದಿಲ್ಲ.

ಕಿರೀಟದ ಅಚ್ಚಿಗೆ ಒಂದು ಹಳೇ ಗತ್ತಿದೆ. ಲಾಸ್ ಏಂಜಲೀಸ್‌ನ ಟಿ.ಆರ್. ಕಿಂಗ್ ಕಂಪನಿಯ ಸಣ್ಣ ಕಿರೀಟದ ಚಿಪ್‌ಗಳಿಗೆ ಸಂಗ್ರಾಹಕರು ಇವತ್ತಿಗೂ ಮುಗಿಬೀಳುತ್ತಾರೆ. ನಾನು ನೋಡಿದ್ದು ದೊಡ್ಡ ಕಿರೀಟ. ಲೇಬಲ್ ಬೇಡ, ನಡುವೆ ಬಂಗಾರದ ಹಾಳೆಯಲ್ಲಿ ಎರಡು ಅಕ್ಷರ ಬಿಸಿ ಮುದ್ರೆ ಹಾಕಿಸಿದರೆ ಸಾಕು ಅನ್ನುವವರು ಕಣ್ಣು ಮುಚ್ಚಿಕೊಂಡು ಇದನ್ನೇ ತಗೊಳ್ಳಿ. ಬಣ್ಣಬಣ್ಣದ ಲೇಬಲ್ ಹಾಕಿದರೆ ಮಾತ್ರ ಕಿರೀಟವೂ ಲೇಬಲ್ಲೂ ನನ್ನನ್ನು ನೋಡು ಅಂತ ಜಗಳಕ್ಕೆ ನಿಲ್ಲುತ್ತವೆ.

ಕುದುರೆ ತಲೆ, ಫ್ರೆಂಚ್ ಲಿಲ್ಲಿ ಹೂವಿನ ಅಚ್ಚುಗಳೂ ಇವೆ. ಥೀಮ್ ಇದ್ದರೆ ಸರಿ: ರೇಸಿನವರಿಗೆ ಕುದುರೆ, ನ್ಯೂ ಆರ್ಲಿಯನ್ಸ್ ಅಭಿಮಾನಿಗೆ ಲಿಲ್ಲಿ. ನಮಗ್ಯಾಕೆ ಅದು, ಅಲ್ವಾ?

ಬೋಳು ಅಚ್ಚು, ಅಂದರೆ ಯಾವ ಚಿತ್ತಾರವೂ ಇಲ್ಲದ್ದು, ನನಗೆ ಮೊದಲು ಇಷ್ಟವಾಗಿತ್ತು. ಅಂಚಿನ ಬಣ್ಣ ಇದರಲ್ಲಿ ಎದ್ದು ಕಾಣುವಷ್ಟು ಬೇರೆ ಯಾವುದರಲ್ಲೂ ಕಾಣುವುದಿಲ್ಲ. ಆದರೆ ಒಂದೇ ಕೈಯಲ್ಲಿ ಎರಡು ಗುಡ್ಡೆ ಮಾಡಿ ಕಲೆಸುವ ಚಟ ಇರುವವರಿಗೆ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ಬೆರಳಿಗೆ ಹಿಡಿತವೇ ಇಲ್ಲ. ಇಷ್ಟು ದುಡ್ಡು ಕೊಟ್ಟು ಕ್ಲೇ ಮಾಡಿಸಿ ಕೊನೆಗೆ ಅಚ್ಚೇ ಕಾಣದಿದ್ದರೆ ಏನು ಸುಖ? ಚಪ್ಪಟೆಯಾಗಿ, ಪೂರ್ತಿ ಮುದ್ರಣ ಇರುವುದೇ ಬೇಕು ಅಂದರೆ ಸೆರಾಮಿಕ್ ಚಿಪ್ ಇದೆ, ಕಮ್ಮಿ ಬೆಲೆಗೆ ಬರುತ್ತದೆ.

ಡೈಮಂಡ್-ಸ್ಕ್ವೇರ್ ಫೋಟೋದಲ್ಲಿ ಸಪ್ಪೆ. ಒಂದು ವಜ್ರದಾಕಾರ, ಒಂದು ಚೌಕ, ಮತ್ತೆ ವಜ್ರ, ಮತ್ತೆ ಚೌಕ, ಅಷ್ಟೇ. ಕೈಗೆ ತಗೊಂಡರೆ ಬೇರೆ ಕಥೆ. ಬಿಡಿಬಿಡಿ ಆಕಾರ ಆದ್ದರಿಂದ ಬಣ್ಣದ ಪಟ್ಟಿ ಎಲ್ಲಿ ಬಂದರೂ ಚಿತ್ತಾರ ತುಂಡಾದ ಹಾಗೆ ಅನ್ನಿಸುವುದಿಲ್ಲ. ಬೆರಳಿಗೆ ಸಣ್ಣಗೆ ತಡೆ ಸಿಗುತ್ತದೆ, ಇಪ್ಪತ್ತರ ಗುಡ್ಡೆ ಟೇಬಲ್ ಅಲ್ಲಾಡಿದರೂ ಜಾರಲಿಲ್ಲ. ಕೊಳೆ ಕೂರುವುದಿಲ್ಲ ಅಂತಲ್ಲ, ಆದರೆ ಬ್ರಷ್ ಆಡಿಸಿದರೆ ಬರುತ್ತದೆ. ಹೊಸ ಚಿಪ್ ಯಾವ ಅಚ್ಚಿನದಾದರೂ ಗೆರೆಗಳಲ್ಲಿ ಬಿಳಿ ಪುಡಿ ಇರುತ್ತದೆ. ಮಿನರಲ್ ಆಯಿಲ್ ಒಂದು ಹನಿ ಬಟ್ಟೆಗೆ ಹಾಕಿ ಒರೆಸಿದರೆ ನಿಜವಾದ ಬಣ್ಣ ಹೊರಗೆ ಬರುತ್ತದೆ.

ಇನ್ನು ಲೇಬಲ್ ಜಾಗದ ಲೆಕ್ಕ. ಚಿಪ್ ಅಡ್ಡಳತೆ 39 ಮಿ.ಮೀ. ಲೇಬಲ್ 7/8 ಇಂಚು, ಅಂದರೆ ಸುಮಾರು 22 ಮಿ.ಮೀ. ಅಂತಿಟ್ಟುಕೊಂಡರೆ ಸುತ್ತ ಎಂಟೂವರೆ ಮಿ.ಮೀ. ಉಳಿಯುತ್ತದೆ. ಒಂದು ಇಂಚಿನ ಲೇಬಲ್ ಆದರೆ ಏಳು ಮಿ.ಮೀ.ಗೂ ಕಮ್ಮಿ. ಅಗಲವಾದ ಚಿತ್ತಾರ ಬೇಕು ಅಂದರೆ ಲೇಬಲ್ ಚಿಕ್ಕದಾಗಲೇಬೇಕು. ಯಾವ ಅಚ್ಚಿಗೆ ಯಾವ ಅಳತೆ ಹಿಡಿಯುತ್ತದೆ ಅಂತ ಡಿಸೈನ್ ಶುರು ಮಾಡುವ ಮೊದಲೇ ತಯಾರಕರನ್ನು ಕೇಳಿ. ಇಂಗ್ಲಿಷ್ ಅಕ್ಷರಕ್ಕೆ ಚಿಕ್ಕದಾದರೂ ನಡೆಯುತ್ತದೆ. ನಾವು "ಇಸ್ಪೀಟ್ ಅಡ್ಡೆ" ಅಂತ ಕನ್ನಡದಲ್ಲಿ ಹಾಕಿಸಬೇಕು ಅಂತಿದ್ದೆವು. ಕಾಗದದ ಮೇಲೆ ನಿಜವಾದ ಅಳತೆಗೆ ಪ್ರಿಂಟ್ ತೆಗೆದರೆ ಚಿಕ್ಕ ಲೇಬಲ್‌ನಲ್ಲಿ ಒತ್ತಕ್ಷರಗಳೆಲ್ಲ ಕೆಳಗಿನ ಅಂಕಿಯ ಮೇಲೆ ಬಿದ್ದು ಮಸಿ ಚುಕ್ಕೆ ಆಗಿದ್ದವು. ಕನ್ನಡ ಅಂಕಿಯ ಆಸೆಯನ್ನೂ ಅಲ್ಲೇ ಬಿಟ್ಟೆವು. ಆಟಕ್ಕೆ ಬರುವ ತೆಲುಗು ಗೆಳೆಯರು ಪರವಾಗಿಲ್ಲ, ಉಳಿದವರು ೧ ಅನ್ನು ಸೊನ್ನೆ ಅಂತ ಓದುತ್ತಾರೆ. ದುಡ್ಡಿನ ವಿಷಯದಲ್ಲಿ ಅದು ಬೇಡ.

ನಾವು ಆರಿಸಿದ್ದು ಡೈಮಂಡ್-ಸ್ಕ್ವೇರ್. ಐದಕ್ಕೆ ಕೆಂಪು, ಇಪ್ಪತ್ತೈದಕ್ಕೆ ಹಸಿರು, ನೂರಕ್ಕೆ ಕಪ್ಪು, ವೇಗಾಸ್ ರೂಢಿಯಂತೆಯೇ. ಒಬ್ಬೊಬ್ಬರು ಬೆಲೆಗೊಂದು ಅಚ್ಚು ಹಾಕಿಸುವುದೂ ಉಂಟು. ನನಗೆ ಅದು ಬೇರೆ ಬೇರೆ ಮನೆಯಿಂದ ತಂದ ಚಿಪ್ ಒಟ್ಟುಗೂಡಿಸಿದ ಹಾಗೆ ಕಾಣುತ್ತದೆ. ಗ್ರೀಕ್ ಕೀ ಬೇಕೇ ಬೇಕು ಅನ್ನುವವರು ಪಟ್ಟಿ ನಾಲ್ಕಕ್ಕೆ ನಿಲ್ಲಿಸಿ, ಬಿಳಿ ಚಿಪ್ ಬಿಟ್ಟು ಬೂದು ಬಣ್ಣ ತಗೊಳ್ಳಿ. ಮತ್ತೆ ಯಾವ ಅಚ್ಚಾದರೂ ಸಣ್ಣ ಬೆಲೆಯ ಚಿಪ್ ಮೊದಲ ಆರ್ಡರ್‌ನಲ್ಲೇ ಒಂದು ಗುಡ್ಡೆ ಜಾಸ್ತಿ ಹೇಳಿಬಿಡಿ. ಆಟದಲ್ಲಿ ಮೊದಲು ಕಮ್ಮಿ ಬೀಳುವುದು ಅವೇ.