ಮಂಗಳೂರಿಗೆ ರಾತ್ರಿ ಇದೆಯೇ? ಕಾವೂರಿನ ಒಂದು ಬಯಲಾಟದ ವಿಮರ್ಶೆ

ಕಳೆದ ಜನವರಿಯಲ್ಲಿ ಕಚೇರಿಯ ಕೆಲಸದ ಮೇಲೆ ಬೆಂಗಳೂರಿನಿಂದ ಬಂದಿದ್ದ ಸಹೋದ್ಯೋಗಿಯೊಬ್ಬರು ಎರಡು ರಾತ್ರಿಗಳನ್ನು ಮಂಗಳೂರಿನಲ್ಲಿ ಕಳೆದರು. ಮೂರನೆಯ ದಿನ ಮಧ್ಯಾಹ್ನ ಊಟಕ್ಕೆ ಕುಳಿತಾಗ, ಈ ಊರಿನಲ್ಲಿ ಸಮುದ್ರವಿದೆ, ಒಳ್ಳೆಯ ಮೀನಿದೆ, ಆದರೆ ರಾತ್ರಿಯೇ ಇಲ್ಲ ಎಂದುಬಿಟ್ಟರು. ಮೊದಲ ರಾತ್ರಿ ಅವರು ಹೋಗಿದ್ದ ಪಬ್‌ನಲ್ಲಿ ಬೆಂಗಳೂರಿನಲ್ಲಿ ಕೇಳಿ ಕೇಳಿ ಸಾಕಾಗಿದ್ದ ಹಾಡುಗಳನ್ನೇ ಹಾಕಿದ್ದರಂತೆ. ಎರಡನೆಯ ರಾತ್ರಿ ಹನ್ನೊಂದರ ಹೊತ್ತಿಗೆ ಬೀದಿಗಳೆಲ್ಲ ಖಾಲಿಯಾಗಿದ್ದವಂತೆ. ಈ ಎರಡು ಅನುಭವಗಳಿಂದ ಅವರು ಊರಿನ ಸಂಸ್ಕೃತಿಯ ಬಗ್ಗೆಯೇ ಒಂದು ತೀರ್ಮಾನಕ್ಕೆ ಬಂದಿದ್ದರು. ಆ ಶನಿವಾರ ಕಾವೂರಿನ ಕಡೆ ನಮ್ಮ ಚಿಕ್ಕಮ್ಮನ ನೆರೆಮನೆಯವರ ಹರಕೆಯ ಆಟ, ಅಂದರೆ ಬಯಲಿನಲ್ಲಿ ನಡೆಯುವ ಯಕ್ಷಗಾನ, ಇತ್ತು. ವಾದ ಬೆಳೆಸುವುದಕ್ಕಿಂತ ಅಲ್ಲಿಗೆ ಕರೆದುಕೊಂಡು ಹೋಗುವುದೇ ಸರಿಯೆಂದು ನನಗೆ ತೋರಿತು. ಹೊರಡುವ ಮುನ್ನ ಅವರು ಕೇಳಿದ ಪ್ರಶ್ನೆ ಒಂದೇ: ಹೆಂಗಸರು ರಾತ್ರಿಯಿಡೀ ಹೊರಗೆ ಕುಳಿತಿರಬಹುದೇ?

ಆ ಪ್ರಶ್ನೆಗೆ ಕಾರಣವಿತ್ತು. 2009ರ ಜನವರಿ 24ರಂದು ಇದೇ ಮಂಗಳೂರಿನ ಪಬ್ ಒಂದಕ್ಕೆ ನುಗ್ಗಿದ ಗುಂಪು ಸಂಸ್ಕೃತಿಯ ಹೆಸರು ಹೇಳಿಕೊಂಡು ಅಲ್ಲಿದ್ದ ಯುವತಿಯರನ್ನು ಹೊಡೆದು ಹೊರಗಟ್ಟಿದ ದೃಶ್ಯವನ್ನು ದೇಶವೆಲ್ಲ ದೂರದರ್ಶನದಲ್ಲಿ ಕಂಡಿದೆ. ಪಬ್ ಇದ್ದರೆ ಊರು ಕೆಟ್ಟಿತು ಎಂದವರ ಕೈಯಲ್ಲಿದ್ದ ಅಳತೆಗೋಲೂ, ಪಬ್ ಚೆನ್ನಾಗಿಲ್ಲದಿದ್ದರೆ ಊರಿಗೆ ರಾತ್ರಿಯೇ ಇಲ್ಲ ಎನ್ನುವವರ ಅಳತೆಗೋಲೂ ಒಂದೇ ಎಂದು ನನಗೆ ಅನ್ನಿಸುತ್ತದೆ. ಕತ್ತಲಾದ ಮೇಲೆ ಜನ ಎಲ್ಲಿ ಸೇರುತ್ತಾರೆ, ಯಾರೆಲ್ಲ ಸೇರಬಲ್ಲರು, ಸೇರಿದವರು ಏನನ್ನು ಎಷ್ಟು ಗಮನವಿಟ್ಟು ಕೇಳುತ್ತಾರೆ ಎಂಬುದನ್ನು ಇಬ್ಬರೂ ನೋಡುವುದಿಲ್ಲ. ನಾನು ಆ ಶನಿವಾರದ ಆಟವನ್ನು ಅಳೆಯುವುದು ಈ ಮೂರರಿಂದಲೇ.

ಯಕ್ಷಗಾನದ ತೆಂಕಣ ಶೈಲಿಯಾದ ತೆಂಕುತಿಟ್ಟಿನ ಬಯಲಾಟ ಮೇಳದ, ಅಂದರೆ ತಂಡದ, ಸೇವೆಯಾಟ; ಪ್ರಸಂಗ ಶ್ರೀ ದೇವಿ ಮಹಾತ್ಮೆ. ಸುತ್ತ ನಾಲ್ಕಾರು ಅಪಾರ್ಟ್‌ಮೆಂಟ್‌ಗಳು ಎದ್ದಿರುವ, ಇನ್ನೂ ಮಾರಾಟವಾಗದೆ ಉಳಿದಿರುವ ಒಂದು ಖಾಲಿ ಬಯಲಿನಲ್ಲಿ ರಂಗಸ್ಥಳ ಹಾಕಿದ್ದರು. ಇಂಥ ಆಟಕ್ಕೆ ಟಿಕೆಟ್ ಇಲ್ಲ, ಆಹ್ವಾನ ಪತ್ರಿಕೆಯೂ ಬೇಕಿಲ್ಲ. ಹರಕೆ ಹೊತ್ತ ಮನೆಯವರು ಮೇಳಕ್ಕೆ ಹಣ ಕಟ್ಟಿ, ಬಂದವರಿಗೆಲ್ಲ ಊಟ ಹಾಕಿ, ಊರಿಗೆಲ್ಲ ಆಟ ತೋರಿಸುತ್ತಾರೆ. ಕಟೀಲು ದೇವಸ್ಥಾನದ ಮೇಳಗಳಿಗೆ ಹರಕೆ ಹೇಳಿಕೊಂಡವರು ತಮ್ಮ ಸರದಿಗಾಗಿ ವರ್ಷಗಟ್ಟಲೆ ಕಾಯುವುದು ಇಲ್ಲಿ ಎಲ್ಲರಿಗೂ ತಿಳಿದ ಸಂಗತಿ. ನಮ್ಮನ್ನು ಗೇಟಿನ ಬಳಿ ತಡೆದು ನೀವು ಯಾರು ಎಂದು ಕೇಳಿದವರಿಲ್ಲ. ಊಟ ಆಯಿತೇ ಎಂದು ಕೇಳಿದವರು ಮಾತ್ರ ಮೂವರು. ಊಟ ಸರಳವಾಗಿತ್ತು: ಬಾಳೆ ಎಲೆಯ ಮೇಲೆ ಅನ್ನ, ಸಾರು, ಸೌತೆಕಾಯಿಯ ಹುಳಿ, ಮನೋಳಿ (ತೊಂಡೆಕಾಯಿ) ಕಡಲೆ ಪಲ್ಯ, ಪಾಯಸ. ಪಲ್ಯಕ್ಕೆ ತೆಂಗಿನಕಾಯಿಯನ್ನು ಧಾರಾಳವಾಗಿ ಹಾಕಿದ್ದರು. ನಡುರಾತ್ರಿ ಬಯಲಿನ ಅಂಚಿನ ಗೂಡಂಗಡಿಯಲ್ಲಿ ತಿಂದ ಚುರುಮುರಿ ಇದಕ್ಕಿಂತ ರುಚಿಯಾಗಿತ್ತು ಎಂದು ನನ್ನ ಅತಿಥಿ ಹೇಳಿದರು, ನಾನು ಒಪ್ಪುವುದಿಲ್ಲ.

ಈಗ ಸಂಗೀತದ ವಿಷಯ. ಸಂಜೆಯ ಆರಂಭದಲ್ಲಿ ನನಗೆ ನಿಜವಾಗಿಯೂ ಬೇಸರವಾಯಿತು. ಆಟವಿದೆಯೆಂದು ಸಾರುವ ‘ಕೇಳಿ’ ಬಡಿದು, ವೇಷ ಕಟ್ಟುವ ಚೌಕಿಯಲ್ಲಿ ಪೂಜೆಯಾಗಿ, ಬಾಲಗೋಪಾಲ ವೇಷಗಳು ರಂಗಕ್ಕೆ ಬಂದವು. ಆದರೆ ಧ್ವನಿವರ್ಧಕದ ಜವಾಬ್ದಾರಿ ಹೊತ್ತಿದ್ದವರು ಚೆಂಡೆಗೆ ಪ್ರತ್ಯೇಕ ಮೈಕ್ ಇಟ್ಟು ಅದರ ಶಬ್ದವನ್ನು ಎಷ್ಟು ಏರಿಸಿದ್ದರೆಂದರೆ ಕಥೆಯನ್ನು ಹಾಡುವ ಭಾಗವತರ ತುಟಿ ಆಡುವುದು ಕಾಣುತ್ತಿತ್ತೇ ಹೊರತು ಅವರ ಹಾಡು, ಅಂದರೆ ಪದ, ಕೇಳುತ್ತಿರಲಿಲ್ಲ. ಚೆಂಡೆಗೆ ಮೈಕ್ ಏಕೆ ಬೇಕು? ಆಟವಿದೆ ಎಂಬುದನ್ನು ಸುತ್ತಲಿನ ಊರುಗಳಿಗೆ ಸಾರುವುದಕ್ಕೆಂದೇ ಹಿಂದಿನವರು ಕತ್ತಲಾಗುವಾಗ ಬಡಿಯುತ್ತಿದ್ದ ವಾದ್ಯ ಅದು. ನನ್ನ ಬೇಸರವನ್ನು ನಾನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ನಮ್ಮ ಮುಂದಿನ ಸಾಲಿನಲ್ಲಿ ತಲೆಗೆ ಮಫ್ಲರ್ ಸುತ್ತಿಕೊಂಡು ಕುಳಿತಿದ್ದ ಹಿರಿಯರೊಬ್ಬರು ಎದ್ದು ನಿಧಾನವಾಗಿ ಮಿಕ್ಸರ್ ಇಟ್ಟಿದ್ದ ಮೇಜಿನ ಬಳಿ ನಡೆದು, ಚೆಂಡೆಯ ಮೈಕ್ ಸ್ವಲ್ಪ ಬಂದ್ ಮಾಡಿ ಮಾರಾಯ್ರೆ, ಪದ ಕೇಳುವುದಿಲ್ಲ ಎಂದರು. ಅವರ ಹಿಂದೆಯೇ ಇನ್ನೊಬ್ಬರು ಹೋದರು, ಆಮೇಲೆ ನಮ್ಮ ಚಿಕ್ಕಮ್ಮನೂ ಹೋದರು. ಬಿಟ್ಟಿಯಾಗಿ ನೋಡಲು ಬಂದವರು ನಾದ ಸರಿಯಿಲ್ಲವೆಂದು ಮೂರು ಬಾರಿ ಎದ್ದು ಹೋಗಿ ಹೇಳುವಷ್ಟು ಕಿವಿಯುಳ್ಳ ಊರು ಇದು. ಮೊದಲ ರಾತ್ರಿ ಪಬ್‌ನಲ್ಲಿ ಹಾಡು ಬದಲಾದದ್ದನ್ನು ಕೂಡ ಯಾರೂ ಗಮನಿಸಲಿಲ್ಲ ಎಂದು ನನ್ನ ಅತಿಥಿ ಆಗ ತಾವಾಗಿಯೇ ನೆನಪಿಸಿಕೊಂಡರು.

ಹತ್ತು ಗಂಟೆಗೆ ಪರಿಸ್ಥಿತಿ ಬದಲಾಯಿತು. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕಕ್ಕೆ ಕಡಿವಾಣ ಹಾಕುತ್ತವೆ. ಈ ಕಾರಣದಿಂದ ಇತ್ತೀಚಿನ ವರ್ಷಗಳಲ್ಲಿ ಅನೇಕ ಮೇಳಗಳು ಸಂಜೆ ಬೇಗ ಆರಂಭಿಸಿ ನಡುರಾತ್ರಿಯ ಸುಮಾರಿಗೆ ಮುಗಿಸುವ ಕಾಲಮಿತಿಯ ಆಟಕ್ಕೆ ಒಗ್ಗಿಕೊಂಡಿವೆ. ಇಲ್ಲಿ ಮಾತ್ರ ಮನೆಯವರು ಬೆಳಗಿನವರೆಗಿನ ಆಟವೇ ಬೇಕೆಂದು ಹರಕೆ ಹೊತ್ತಿದ್ದರಿಂದ ಬಯಲಿನ ಅಂಚಿನ ದೊಡ್ಡ ಪೆಟ್ಟಿಗೆಗಳನ್ನೆಲ್ಲ ನಿಲ್ಲಿಸಿ, ಭಾಗವತರ ಮುಂದಿನ ಒಂದು ಮೈಕನ್ನು ಮಾತ್ರ ಮೆಲುದನಿಯಲ್ಲಿ ಉಳಿಸಿದರು. ಇನ್ನು ಅರ್ಧ ಜನ ಎದ್ದು ಹೋಗುತ್ತಾರೆ ಎಂದು ನಾನು ಭಾವಿಸಿದ್ದೆ. ಹಿಂದೆ ಕುರ್ಚಿಗಳಲ್ಲಿದ್ದವರು ಎದ್ದರು ನಿಜ, ಆದರೆ ಕುರ್ಚಿಗಳನ್ನು ಎತ್ತಿಕೊಂಡು ಮುಂದೆ ಬಂದರು. ಚಾಪೆಯವರು ಚಾಪೆ ಎಳೆದುಕೊಂಡು ಇನ್ನೂ ಮುಂದಕ್ಕೆ ಸರಿದರು. ಐದು ನಿಮಿಷದಲ್ಲಿ ಸಭೆಯೆಲ್ಲ ರಂಗಸ್ಥಳಕ್ಕೆ ಒತ್ತಿಕೊಂಡು ಕುಳಿತಿತ್ತು, ಅಷ್ಟು ಜನರ ನಡುವೆಯೂ ಚಕ್ರತಾಳದ ಸಣ್ಣ ನಾದ ಬೇರೆಯಾಗಿ ಕೇಳುತ್ತಿತ್ತು.

ಸಂಜೆ ಹಾಡಿದವರು ಕಿರಿಯ ಭಾಗವತರು, ನಡುರಾತ್ರಿಯ ಹೊತ್ತಿಗೆ ಮುಖ್ಯ ಭಾಗವತರು ಬಂದು ಕುಳಿತರು. ಬಯಲಾಟದ ಈ ಏರ್ಪಾಡು ನನಗೆ ಬಹಳ ಪ್ರಿಯವಾದುದು. ರಾತ್ರಿ ಬೆಳೆದಂತೆ ಸ್ವರವೂ ಬೆಳೆಯಬೇಕು, ಹೊತ್ತಿಗೆ ತಕ್ಕ ರಾಗ ಬರಬೇಕು, ಕಿರಿಯರು ಹದ ಮಾಡಿಟ್ಟ ಸಭೆಯನ್ನು ಹಿರಿಯರು ಕೈಗೆ ತೆಗೆದುಕೊಳ್ಳಬೇಕು. ಕೆಲವೇ ಗಂಟೆಗಳ ಕಾರ್ಯಕ್ರಮಕ್ಕೆ ಈ ಏರಿಕೆ ಹೊಂದುವುದಿಲ್ಲ. ಕಾಲಮಿತಿಯ ಆಟವನ್ನು ನಾನು ದೂರುತ್ತಿಲ್ಲ, ಕಲಾವಿದರ ನಿದ್ದೆ ಮತ್ತು ಆರೋಗ್ಯ ದೊಡ್ಡದು. ಆದರೆ ಅದರಲ್ಲಿ ಕಳೆದುಹೋಗುವುದು ಕಥೆಯ ಭಾಗವಲ್ಲ, ಕಥೆಯನ್ನು ಹೇಗಾದರೂ ಮುಗಿಸಬಹುದು. ಕಳೆದುಹೋಗುವುದು ಈ ನಿಧಾನ.

ನಮ್ಮ ಪಕ್ಕದ ಚಾಪೆಯಲ್ಲಿ ಆರೇಳು ವರ್ಷದ ಹುಡುಗನೊಬ್ಬ ಹನ್ನೊಂದು ಗಂಟೆಗೇ ಮಲಗಿದ್ದ. ಮಲಗುವ ಮುನ್ನ ಅವನು ತಾಯಿಗೆ ತುಳುವಿನಲ್ಲಿ, ಮಹಿಷಾಸುರ ಬರುವಾಗ ಎಬ್ಬಿಸು ಎಂದು ಎರಡು ಬಾರಿ ಹೇಳಿ, ಅವರ ಸೆರಗನ್ನು ಹಿಡಿದುಕೊಂಡೇ ನಿದ್ದೆ ಹೋದ. ತುಳುನಾಡಿನಲ್ಲಿ ಬೆಳೆದವರಲ್ಲಿ ಈ ಮಾತು ಹೇಳಿ ಮಲಗದವರು ಕಡಿಮೆ. ಎರಡು ಗಂಟೆಯ ಸುಮಾರಿಗೆ ಸಭೆಯ ಹಿಂದಿನ ಕತ್ತಲೆಯಿಂದ ಗರ್ನಲ್ ಪಟಾಕಿ ಸಿಡಿದ ಸದ್ದು ಕೇಳಿತು. ಕೋಡುಗಳ ಮಹಿಷಾಸುರ ರಂಗಸ್ಥಳದಿಂದಲ್ಲ, ನಮ್ಮ ಬೆನ್ನ ಹಿಂದಿನಿಂದ, ಜನರ ನಡುವೆ ಹಾದು ಬಂದ. ಎರಡೂ ಬದಿಯಲ್ಲಿ ದೊಂದಿ ಹಿಡಿದವರು ರಾಳದ ಪುಡಿ ಎರಚಿದಾಗಲೆಲ್ಲ ಬೆಂಕಿ ಆಳೆತ್ತರ ಎದ್ದು, ಒಂದು ಕ್ಷಣ ಎಲ್ಲರ ಮುಖ ಹಳದಿಯಾಗಿ ಕಂಡು ಮತ್ತೆ ಕತ್ತಲಾಗುತ್ತಿತ್ತು. ತಾಯಿ ಎಬ್ಬಿಸುವ ಮೊದಲೇ ಹುಡುಗ ಎದ್ದು ಕುಳಿತಿದ್ದ. ಅವನು ಹೆದರಿ ಸೆರಗಿನೊಳಗೆ ಮುಖ ಮುಚ್ಚಿಕೊಂಡ, ಒಂದು ಕಣ್ಣನ್ನು ಮಾತ್ರ ಹೊರಗಿಟ್ಟ. ನನ್ನ ಅತಿಥಿ ನನ್ನ ಮೊಣಕೈ ಹಿಡಿದುಕೊಂಡಿದ್ದರು.

ಅವರಿಗೆ ಇನ್ನೂ ಹೆಚ್ಚು ಅಚ್ಚರಿ ತಂದದ್ದು ಮಾತುಗಾರಿಕೆ. ಸುತ್ತ ಕುಳಿತವರು ತಮ್ಮತಮ್ಮಲ್ಲಿ ತುಳು, ಕೊಂಕಣಿಗಳಲ್ಲಿ ಮಾತನಾಡುತ್ತಿದ್ದರು, ಆದರೆ ರಂಗದ ಮೇಲಿನ ಭಾಷೆ ಕನ್ನಡ, ಅದೂ ಒಂದೇ ಒಂದು ಇಂಗ್ಲಿಷ್ ಪದ ನುಸುಳದ ಕನ್ನಡ. ಭಾಗವತರು ಹಾಡುವ ಪದ ಬರೆದಿಟ್ಟದ್ದು, ವೇಷಧಾರಿಗಳ ಮಾತು, ಅಂದರೆ ಅರ್ಥ, ಮಾತ್ರ ಆ ಹೊತ್ತಿಗೆ ಕಲಾವಿದರ ಬಾಯಲ್ಲಿ ಹುಟ್ಟುವಂಥದ್ದು. ಆ ರಾತ್ರಿಯ ದೇವಿ ಉಯ್ಯಾಲೆಯಲ್ಲಿ ಕುಳಿತು ಚಂಡಮುಂಡರಿಗೆ ಕೊಟ್ಟ ಉತ್ತರಗಳಲ್ಲಿ ಚುರುಕಿತ್ತು, ತೂಕವೂ ಇತ್ತು. ರಕ್ತಬೀಜನ ಮಾತು ಮಾತ್ರ ನನಗೆ ದೀರ್ಘವೆನಿಸಿತು. ಪಾತ್ರದ ದುಃಖಕ್ಕಿಂತ ಕಲಾವಿದರ ಪಾಂಡಿತ್ಯವೇ ಮುಂದೆ ನಿಂತಿತು. ಆದರೂ ಬೆಂಗಳೂರಿನಲ್ಲಿ ಹುಟ್ಟಿ ಬೆಳೆದು, ಮನೆಯಲ್ಲಿ ಕನ್ನಡವನ್ನೇ ಆಡುವ ನನ್ನ ಅತಿಥಿ, ಇಷ್ಟು ಹೊತ್ತು ಇಷ್ಟು ಕನ್ನಡವನ್ನು ತಾವು ಎಲ್ಲಿಯೂ ಕೇಳಿಲ್ಲ ಎಂದದ್ದು ನನ್ನ ಮನಸ್ಸಿನಲ್ಲಿ ಉಳಿದಿದೆ.

ಕೊರತೆಗಳನ್ನು ಮುಚ್ಚಿಟ್ಟರೆ ವಿಮರ್ಶೆಯಾಗುವುದಿಲ್ಲ. ಸಭೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರಿದ್ದರು, ಅಜ್ಜಿಯಂದಿರು ನಿರಾತಂಕವಾಗಿ ಬೆಳಗಿನವರೆಗೆ ಕುಳಿತರು, ಒಬ್ಬರೂ ನಮ್ಮನ್ನು ಕೆಟ್ಟ ಕಣ್ಣಿನಿಂದ ನೋಡಲಿಲ್ಲ. ಹೀಗಿದ್ದೂ ಅಷ್ಟು ಹೆಂಗಸರಿಗೆ ಒಂದು ಶೌಚಾಲಯದ ವ್ಯವಸ್ಥೆ ಇರಲಿಲ್ಲ. ಪಕ್ಕದ ಮನೆಗಳವರು ಬಾಗಿಲು ತೆರೆದಿಟ್ಟದ್ದರಿಂದ ನಿಭಾಯಿಸಿದೆವು. ರಾತ್ರಿಯಿಡೀ ಕುಳಿತು ಕೇಳುವ ಹೆಂಗಸರು ರಂಗದ ಮೇಲೆ ಕಾಣುವುದಿಲ್ಲ ಎಂಬುದು ಇದಕ್ಕಿಂತ ದೊಡ್ಡ ಕೊರತೆ. ದೇವಿಯ ಕಥೆಯಲ್ಲಿ ದೇವಿಯ ವೇಷವೂ ಗಂಡಸರದೇ. ತೆಂಕುತಿಟ್ಟಿನ ಮೊದಲ ವೃತ್ತಿಪರ ಭಾಗವತೆಯಾಗಿ ಮೇಳಗಳೊಂದಿಗೆ ಊರೂರು ತಿರುಗಿ ಹಾಡಿದ ಲೀಲಾವತಿ ಬೈಪಾಡಿತ್ತಾಯರು 2024ರಲ್ಲಿ ತೀರಿಕೊಂಡರು. ಅವರು ತೆರೆದ ದಾರಿಯಲ್ಲಿ ಹವ್ಯಾಸಿ ತಂಡಗಳ ಹೆಣ್ಣುಮಕ್ಕಳು ನಡೆಯುತ್ತಿದ್ದಾರೆ, ಬಯಲಾಟ ಮೇಳಗಳ ರಂಗಸ್ಥಳ ಮಾತ್ರ ಇನ್ನೂ ಅಷ್ಟು ತೆರೆದುಕೊಂಡಿಲ್ಲ. ಬಣ್ಣ ಬದಲಿಸುವ ಎಲ್‌ಇಡಿ ದೀಪಗಳೂ ಬೇಡವಾಗಿತ್ತು. ರಾಕ್ಷಸ ಪಾತ್ರಗಳ ಬಣ್ಣದ ವೇಷದ ಮುಖದ ಮೇಲೆ ಅಕ್ಕಿಹಿಟ್ಟಿನ ಚುಟ್ಟಿ ಇಡಲು ಗಂಟೆಗಟ್ಟಲೆ ಕುಳಿತ ಕಲಾವಿದರ ಶ್ರಮ ನೀಲಿ ಬೆಳಕಿನಲ್ಲಿ ಮಸುಕಾಯಿತು.

ಬಯಲಾಟವೊಂದೇ ಮಂಗಳೂರಿನ ರಾತ್ರಿಯಲ್ಲ. ಶಕ್ತಿನಗರದ ಕಲಾಂಗಣದಲ್ಲಿ ಮಾಂಡ್ ಸೊಭಾಣ್ ಸಂಸ್ಥೆ ತಿಂಗಳಿಗೊಮ್ಮೆ ನಡೆಸುವ ಕೊಂಕಣಿ ಕಾರ್ಯಕ್ರಮ, ಕ್ರೈಸ್ತರ ಮದುವೆಯ ಹಿಂದಿನ ದಿನದ ರೋಸ್ ಶಾಸ್ತ್ರದಲ್ಲಿ ಊದುವ ಬ್ಯಾಂಡ್, ದಸರಾದಲ್ಲಿ ಕುದ್ರೋಳಿ ದೇವಸ್ಥಾನದಿಂದ ಹೊರಟು ಬೆಳಗಿನವರೆಗೆ ಸಾಗುವ ಮೆರವಣಿಗೆ, ಹುಲಿವೇಷದ ತಾಸೆ ವಾದ್ಯದ ಪೆಟ್ಟು, ಇವೆಲ್ಲವೂ ಈ ಊರಿನ ಸಂಗೀತದ ರುಚಿಯೇ. ತಾಸೆ ಕೇಳಿದರೆ ಕಾಲು ನಿಲ್ಲದವರೇ ಭಾಗವತರ ಪದಕ್ಕೆ ಅಲುಗಾಡದೆ ಕುಳಿತಿರುತ್ತಾರೆ. ಎರಡು ರಾತ್ರಿಗೆ ಬಂದವರಿಗೆ ಇದು ಕಾಣದಿದ್ದರೆ ಅದು ಅವರ ತಪ್ಪೂ ಅಲ್ಲ. ಇವುಗಳಿಗೆ ಬೀದಿಯಲ್ಲಿ ಹೊಳೆಯುವ ಫಲಕವಿಲ್ಲ, ಊರಿನವರೊಬ್ಬರು ಕರೆದುಕೊಂಡು ಹೋಗಬೇಕು. ನಾವು ಹಾಗೆ ಕರೆದುಕೊಂಡು ಹೋಗುವುದನ್ನು ಕಡಿಮೆ ಮಾಡಿದ್ದೇವೆ ಎಂಬ ಚಿಂತೆ ನನಗಿದೆ.

ನೋಡಬಯಸುವವರಿಗೆ: ಮೇಳಗಳು ನವೆಂಬರ್ ಸುಮಾರಿಗೆ ತಿರುಗಾಟಕ್ಕೆ ಹೊರಟು, ಮೇ ತಿಂಗಳ ಕೊನೆಯಲ್ಲಿ ಪತ್ತನಾಜೆ ಎಂಬ ತುಳುವರ ವಿಶೇಷ ದಿನದಂದು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುತ್ತವೆ. ಅಂದಂದಿನ ಆಟ ಎಲ್ಲೆಲ್ಲಿದೆ ಎಂಬ ಪಟ್ಟಿ ಇಲ್ಲಿನ ದಿನಪತ್ರಿಕೆಗಳಲ್ಲಿ ಸಿಗುತ್ತದೆ. ಒಂದು ಚಾಪೆ, ಮಂಜಿಗೆ ಒಂದು ಶಾಲು, ನೀರಿನ ಬಾಟಲಿ ಸಾಕು. ರಂಗಸ್ಥಳದ ನೇರ ಮುಂದೆ ಕುಳಿತರೆ ವೇಷ ಚೆನ್ನಾಗಿ ಕಾಣುತ್ತದೆ, ಭಾಗವತರ ಕಡೆಗೆ ಸ್ವಲ್ಪ ಸರಿದು ಕುಳಿತರೆ ಪದ ಚೆನ್ನಾಗಿ ಕೇಳುತ್ತದೆ, ನಾನು ಎರಡನೆಯದನ್ನೇ ಹೇಳುತ್ತೇನೆ. ಕಾರು ತರುವವರು ಬಯಲಿನ ಬಾಯಲ್ಲೇ ನಿಲ್ಲಿಸಬಾರದು, ಮಹಿಷಾಸುರ ಬರುವ ದಾರಿ ಸಾಮಾನ್ಯವಾಗಿ ಅದೇ ಆಗಿರುತ್ತದೆ. ಮಂಗಳದ ಪದ ಮುಗಿಯುವ ಮೊದಲು ಯಾರೂ ಏಳುವುದಿಲ್ಲ, ನೀವೂ ಏಳಬೇಡಿ.