ಚಾರ್ಜ್‌ಶೀಟ್ ಕಾಪಿಗೆ ಸೈನ್ ಹಾಕೋ ಮುಂಚೆ ಇದನ್ನ ಓದಿ

307 (ಕೊಲೆ ಯತ್ನ) ಕೇಸಲ್ಲಿ ನನ್ನ ತಮ್ಮನಿಗೆ 7 ವರ್ಷ ಶಿಕ್ಷೆ ಆಗಿದೆ, ಅಪೀಲು ಹೈಕೋರ್ಟಲ್ಲಿ ಪೆಂಡಿಂಗ್. ನಿಮ್ಮನೇಲಿ ಯಾರದ್ದಾದ್ರೂ ಕ್ರಿಮಿನಲ್ ಕೇಸ್ ನಡೀತಿದ್ರೆ ದಯವಿಟ್ಟು ಪೂರ್ತಿ ಓದಿ.

ಗಲಾಟೆ ಆದ ಹೊತ್ತಲ್ಲಿ ಅವನು ಪೆಟ್ರೋಲ್ ಬಂಕಲ್ಲಿದ್ದ. ಪೊಲೀಸ್ರು ಬಂಕಿನ ಡಿವಿಆರ್ (ಸಿಸಿಟಿವಿ ರೆಕಾರ್ಡ್ ಆಗೋ ಬಾಕ್ಸ್) ತಗೊಂಡೋದ್ರು ಅಂತ ಅಲ್ಲಿನ ಹುಡುಗರೇ ಹೇಳಿದ್ರು, ಸರಿ ಸಿಸಿಟಿವೀಲಿ ಇವನು ಕಾಣ್ತಾನೆ, ಅದು ಕೋರ್ಟಿಗೆ ಬಂದೇ ಬರುತ್ತೆ ಅಂತ ಧೈರ್ಯವಾಗಿ ಕೂತ್ವಿ. ಆಮೇಲೆ ಒಂದಿನ ಕೋರ್ಟಲ್ಲಿ ಕಾಪಿ ಅಂತ ಒಂದು ಕಟ್ಟು ಕೊಟ್ರು, ತಮ್ಮ ಸೈನ್ ಹಾಕ್ದ, ಆರ್ಡರ್ ಶೀಟಲ್ಲಿ ಸಿಆರ್‌ಪಿಸಿ (ಕ್ರಿಮಿನಲ್ ಕೇಸ್ ನಡೆಸೋ ಕಾಯ್ದೆ) 207ನೇ ಸೆಕ್ಷನ್ ಪ್ರಕಾರ ಕೊಟ್ಟಾಯ್ತು ಅಂತ ಬರ್ಕೊಂಡ್ರು. ಕಟ್ಟಲ್ಲಿ ಡಿವಿಆರ್ ಸುದ್ದಿನೇ ಇಲ್ಲ! ಲಾಯರ್‌ನ ಕೇಳಿದ್ರೆ 'ಟ್ರಯಲಲ್ಲಿ ನೋಡ್ಕೊಳ್ಳೋಣ ಬಿಡಿ' ಅಂದ್ರು. ಕ್ರಾಸಲ್ಲಿ (ಪಾಟೀಸವಾಲಲ್ಲಿ) ಐಓ, ಅಂದ್ರೆ ತನಿಖೆ ಮಾಡಿದ ಪೊಲೀಸ್ ಅಧಿಕಾರಿ, 'ಡಿವಿಆರ್ ನೋಡಿದ್ದೆ, ಅಗತ್ಯ ಕಾಣಲಿಲ್ಲ, ಹಾಜರುಪಡಿಸಿಲ್ಲ' ಅಂತ ಒಂದೇ ಸಾಲಲ್ಲಿ ಮುಗಿಸಿದ್ರು. ಅದರ ಮೇಲೆ ನಾವು ಒಂದು ಅರ್ಜಿನೂ ಹಾಕ್ಲಿಲ್ಲ.

ತನಿಖೇಲಿ ಸಿಕ್ಕಿ ಪೊಲೀಸ್ರು ಬಳಸದೇ ಬಿಟ್ಟ ಹೇಳಿಕೆ, ದಾಖಲೆ, ವಸ್ತುಗಳ ಪಟ್ಟಿನೂ ಆರೋಪಿಗೆ ಕೊಡ್ಬೇಕು. 2021ರಲ್ಲಿ ಸುಪ್ರೀಂ ಕೋರ್ಟ್ ಕರಡು ನಿಯಮದಲ್ಲಿ ಇದನ್ನ ಸೇರಿಸ್ತು, 2022ರ ಮೇ ತಿಂಗಳಲ್ಲಿ ಮನೋಜ್ ಕೇಸಲ್ಲಿ ಎಲ್ಲಾ ಕ್ರಿಮಿನಲ್ ಟ್ರಯಲಲ್ಲೂ ಪಾಲಿಸ್ಬೇಕು ಅಂತ ಹೇಳ್ತು. ಪಟ್ಟಿ ಸಿಕ್ಕಿದ್ರೆ ತಾನೇ ಏನು ಪಕ್ಕಕ್ಕಿಟ್ಟಿದ್ದಾರೆ ಅಂತ ಗೊತ್ತಾಗೋದು. ನಮಗೆ ಇದು ಗೊತ್ತಾಗಿದ್ದು ಶಿಕ್ಷೆ ಆದ್ಮೇಲೆ.

ಅಪೀಲಲ್ಲಿ ಸರಿಹೋಗುತ್ತೆ ಅಂತ ಯಾರಾದ್ರೂ ಅಂದ್ರೆ ನಂಬ್ಬೇಡಿ. ಹೊಸ ಲಾಯರ್ ಮೇಡಂ ಹೆಚ್ಚುವರಿ ಸಾಕ್ಷ್ಯಕ್ಕೆ ಅರ್ಜಿ ಹಾಕಿದ್ದಾರೆ, ಹಳೇ ಸಿಆರ್‌ಪಿಸಿ 391, ಈಗ ಅದರ ಬದಲು ಬಂದಿರೋ ಬಿಎನ್‌ಎಸ್‌ಎಸ್ 432. ಸರ್ಕಾರಿ ವಕೀಲರ ಮೊದಲನೇ ಆಕ್ಷೇಪಣೆ, ಕೆಳಗಿನ ಕೋರ್ಟಲ್ಲಿ ಯಾಕೆ ಕೇಳಲಿಲ್ಲ? ಲೋಪ ಆಗಿದೆ ಅಂದ ಮಾತ್ರಕ್ಕೆ ಶಿಕ್ಷೆ ರದ್ದಾಗಲ್ಲ, ಅದರಿಂದ ನ್ಯಾಯ ತಪ್ಪಿದೆ ಅಂತ ನಾವು ತೋರಿಸ್ಬೇಕು, ಮೊದಲೇ ತಕರಾರು ಎತ್ತಬಹುದಿತ್ತಲ್ಲ ಅಂತಾನೂ ಕೋರ್ಟ್ ನೋಡುತ್ತೆ. ಏನು ತೋರಿಸೋದು? ಡಿವಿಆರ್ ಬಂಕಿಗೆ ವಾಪಸ್ ಹೋಗಿ ಅದರ ಮೇಲೆ ಹೊಸ ರೆಕಾರ್ಡಿಂಗ್ ಆಗಿ ಹಳೇದು ಅಳಿಸೋಗಿದೆ. ನಮ್ಮ ಕೈಲಿರೋದು ಐಓ ಹೇಳಿದ ಆ ಒಂದು ಸಾಲು ಅಷ್ಟೇ.

ಈಗ ಬಿಎನ್‌ಎಸ್‌ಎಸ್ 230 ಪ್ರಕಾರ ಆರೋಪಿ ಹಾಜರಾದ 14 ದಿನದೊಳಗೆ ಕಾಪಿ ಕೊಡ್ಬೇಕು. ಬಂದ ತಕ್ಷಣ ಮಹಜರು, ಪಿಎಫ್ ನಂಬರ್ (ಪೊಲೀಸ್ರು ಜಪ್ತಿ ಮಾಡಿದ ವಸ್ತುಗಳಿಗೆ ಕೊಡೋ ನಂಬರ್) ಒಂದೊಂದೇ ತಾಳೆ ನೋಡಿ, ಏನಾದ್ರೂ ಕಮ್ಮಿ ಇದ್ರೆ ಸೈನ್ ಹಾಕದೇ ಜಡ್ಜ್ ಮುಂದೆ ಹೇಳಿ, ಲಾಯರ್ ಕೈಲಿ ಮೆಮೊ ಹಾಕ್ಸಿ, ಬಳಸದ ದಾಖಲೆ ಪಟ್ಟಿ ಬರವಣಿಗೇಲೇ ಕೇಳಿ. ಫೋನ್ ಸಿಡಿಆರ್ (ಯಾರಿಗೆ ಯಾವಾಗ ಕಾಲ್ ಹೋಯ್ತು ಅನ್ನೋ ದಾಖಲೆ) ಕಂಪನಿಗಳು 2 ವರ್ಷ ಇಡ್ಬೇಕು, ಸಿಸಿಟಿವಿ ಅಷ್ಟು ದಿನ ಉಳಿಯಲ್ಲ, ಅದನ್ನ ಅಳಿಸದಂತೆ ಇಡೋಕೆ ಅರ್ಜಿ ಮೊದಲ ವಾರದಲ್ಲೇ ಹೋಗ್ಲಿ.